‘ದಿ ಪ್ರಿನ್ಸ್ ಆಫ್ ಈಜಿಪ್ಟ್’: ಮೂಲಕಥೆಯ ಮಾರ್ಪಾಡು ಮತ್ತು ಔಚಿತ್ಯ

ಪುರಾಣೇತಿಹಾಸಗಳಿಂದ ಕಥೆಯನ್ನು ತೆಗೆದುಕೊಂಡ ಕವಿಗೆ ಅದನ್ನು ಮಾರ್ಪಡಿಸುವ ಅಧಿಕಾರವುಂಟೆಂಬುದನ್ನು ನಮ್ಮ ಆಲಂಕಾರಿಕರು ಬಹುಕಾಲದ ಹಿಂದೆಯೇ ಒಪ್ಪಿರುವರು. ಮೂಲದಲ್ಲಿ ರಸಕ್ಕೆ ಹೊಂದದ ಸನ್ನಿವೇಶವಿದ್ದರೆ ಅದನ್ನು ಬಿಟ್ಟು ರಸೋಚಿತವಾದ ಬೇರೊಂದನ್ನು ಕಲ್ಪಿಸಿಕೊಳ್ಳಬಹುದೆಂಬುದು ಧ್ವನ್ಯಾಲೋಕದ ತೃತೀಯೋದ್ಯೋತದಲ್ಲಿ ಆನಂದವರ್ಧನನ ಮತ. ಆದುದರಿಂದ ಮೂಲವನ್ನು ಬದಲಾಯಿಸಿದ ಮಾತ್ರಕ್ಕೆ ಯಾವ ಕೃತಿಯೂ ದೂಷ್ಯವಾಗಲಾರದು. ಬದಲಾವಣೆಯು ಆ ಕೃತಿಯ ರಸಕ್ಕೂ ನಿರ್ವಹಣಕ್ಕೂ ಒಪ್ಪುವುದೋ ಇಲ್ಲವೋ ಎಂಬುದೊಂದೇ ವಿಚಾರಾರ್ಹವಾದುದು.

ಈ ದೃಷ್ಟಿಯಿಂದ ಪರೀಕ್ಷಿಸಲು ತಕ್ಕ ಕೃತಿ, ಅಮೆರಿಕದ ಡ್ರೀಮ್‌ವರ್ಕ್ಸ್ ಸಂಸ್ಥೆಯವರು 1998ರಲ್ಲಿ ಹೊರತಂದ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಎಂಬ ಅನಿಮೇಷನ್ ಚಿತ್ರ. ಬ್ರೆಂಡಾ ಚಾಪ್‌ಮನ್, ಸ್ಟೀವ್ ಹಿಕ್ನರ್, ಸೈಮನ್ ವೆಲ್ಸ್ ಎಂಬ ಮೂವರು ಇದರ ನಿರ್ದೇಶಕರು. ಹಾಡುಗಳು ಸ್ಟೀಫನ್ ಶ್ವಾರ್ಟ್ಸ್ ಎಂಬವರ ರಚನೆ. ಇವುಗಳಲ್ಲೊಂದಕ್ಕೆ 1999ರಲ್ಲಿ ಆಸ್ಕರ್ ಪ್ರಶಸ್ತಿಯೂ ದೊರೆಯಿತು. ಬೈಬಲಿನ ವಿಮೋಚನಕಾಂಡವೇ ಇದರ ಮೂಲ: ಐಗುಪ್ತದಲ್ಲಿ ದಾಸರಾಗಿದ್ದ ಇಸ್ರಾಯೇಲ್ಯರನ್ನು ಮೋಶೆಯು ಬಿಡುಗಡೆ ಮಾಡಿದ ಕಥೆ. ಕಥೆಯಲ್ಲಿ ಸ್ವಾತಂತ್ರ್ಯವನ್ನು ವಹಿಸಿರುವುದಾಗಿ ಚಿತ್ರಕಾರರು ಆರಂಭದಲ್ಲಿಯೇ ಒಪ್ಪಿಕೊಂಡಿರುವರು.

ಮೊದಲು ಗುಣಗಳನ್ನು ಹೇಳುವೆವು. ಮೂಲದಲ್ಲಿ ಶಿಶುವನ್ನು ನದಿಯಿಂದ ಎತ್ತಿಕೊಳ್ಳುವವಳು ಫರೋಹನ ಮಗಳು. ಚಿತ್ರದಲ್ಲಿ ಅವನ ರಾಣಿ. ಬದಲಾವಣೆ ಅಲ್ಪವಾಗಿ ಕಂಡರೂ ಫಲವು ದೊಡ್ಡದು. ಇದರಿಂದ ಮೋಶೆಯೂ ಮುಂದೆ ಫರೋಹನಾಗುವ ರಾಮ್ಸೇಸನೂ ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಾಗಿ ಬೆಳೆಯುವರು. ಮೂಲದಲ್ಲಿ ಹೆಸರೂ ಇಲ್ಲದ ಪ್ರತಿನಾಯಕನು ಇಲ್ಲಿ ಒಡನಾಡಿಯಾದನು. ಫರೋಹನು ತಾನೇ ಹೃದಯವನ್ನು ಕಠಿಣಮಾಡಿಕೊಂಡನೆಂದು ವಿಮೋಚನಕಾಂಡದಲ್ಲಿ ಕೆಲವೆಡೆಯೂ, ದೇವರೇ ಅದನ್ನು ಕಠಿಣಪಡಿಸಿದನೆಂದು ಕೆಲವೆಡೆಯೂ ಹೇಳಿದೆ. ಚಿತ್ರದಲ್ಲಿ ಆ ಕಾಠಿಣ್ಯಕ್ಕೆ ಕಾರಣವು ರಾಮ್ಸೇಸನ ಭಯ: ತನ್ನಿಂದ ವಂಶದ ಕೀರ್ತಿ ಕುಂದೀತೆಂದು ತಂದೆಯು ಬಿತ್ತಿದ ಭಯ. ಉತ್ಪಾತಗಳ ಹಾಡಿನಲ್ಲಿ ಇಬ್ಬರೂ ಪರಸ್ಪರ ಎದುರಾಗಿ ಹಾಡುವಾಗ, ವೀರವು ಕರುಣಕ್ಕೆ ಎಡೆಗೊಡುವುದು. ಚೊಚ್ಚಲ ಮಕ್ಕಳು ಸಾಯುವ ರಾತ್ರಿಯಲ್ಲಂತೂ ಹಾಡು ನಿಂತೇಹೋಗುವುದು. ಮಗನ ಶವದ ಬಳಿ ನಿಂತ ರಾಮ್ಸೇಸನನ್ನು ಕಂಡು ಹೊರಬಂದ ಮೋಶೆಯು, ತನ್ನ ಜನಕ್ಕೆ ಬಿಡುಗಡೆ ದೊರೆತ ಆ ಗಳಿಗೆಯಲ್ಲಿಯೇ, ಕುಸಿದು ಅಳುವನು. ಜಯವನ್ನು ಕಣ್ಣೀರಿನಿಂದ ಸೂಚಿಸಿದ ಈ ಸ್ಥಳವು ಸಹೃದಯರ ಮೆಚ್ಚಿಕೆಗೆ ಪಾತ್ರವಾದುದು.

ಇನ್ನು ದೋಷವನ್ನು ವಿಚಾರಿಸೋಣ. ಐಗುಪ್ತ್ಯನೊಬ್ಬನು ತನ್ನ ಜನದವನನ್ನು ಹೊಡೆಯುತ್ತಿರಲು, ಮೋಶೆಯು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ತಿಳಿದು, ಅವನನ್ನು ಕೊಂದು, ಶವವನ್ನು ಮರಳಿನಲ್ಲಿ ಮುಚ್ಚಿದನೆಂದು ಮೂಲವು ಹೇಳುವುದು. ಅಲ್ಲಿ ಕೋಪವೂ ಇದೆ, ಎಚ್ಚರವೂ ಇದೆ, ಮರೆಮಾಚುವಿಕೆಯೂ ಇದೆ. ಚಿತ್ರದಲ್ಲಿಯಾದರೋ ಮೋಶೆಯು ಓಡಿಬಂದು ಕಾವಲುಗಾರನನ್ನು ತಳ್ಳುವನು; ಅವನು ಎತ್ತರದ ಅಟ್ಟಣೆಯಿಂದ ಬಿದ್ದು ಸಾಯುವನು. ವಧೆಯು ಅಪಘಾತವಾಯಿತು.

ಇದಕ್ಕೆ ಕಾಳಿದಾಸನ ಮೇಲ್ಪಂಕ್ತಿಯಿದೆಯೆಂದು ಕೆಲವರು ಹೇಳಬಹುದು. ಭಾರತದ ದುಷ್ಯಂತನು ಶಕುಂತಲೆಯನ್ನು ನೆನಪಿದ್ದೂ ನಿರಾಕರಿಸುವನು. ನಾಟಕದ ದುಷ್ಯಂತನು ದುರ್ವಾಸಶಾಪದಿಂದ ಮರೆಯುವನು. ಕುಂತಕನು ಈ ಕಲ್ಪನೆಯನ್ನು ಪ್ರಕರಣವಕ್ರತೆಗೆ ಉದಾಹರಣೆಯಾಗಿ ಹೊಗಳಿರುವನು. ನಾಯಕನ ಕಳಂಕವನ್ನು ತೊಡೆಯುವುದು ಅಲ್ಲಿ ಗುಣವಾದರೆ ಇಲ್ಲಿ ದೋಷವು ಹೇಗೆ?

ಉತ್ತರವು ನಿರ್ವಹಣದಲ್ಲಿದೆ. ಶಾಕುಂತಲವು ಪುನರ್ಮಿಲನದಲ್ಲಿ ಮುಗಿಯುವುದು. ಅದಕ್ಕೆ ನಾಯಕನ ಪ್ರೇಮವು ಅಕಳಂಕವಾಗಿರಬೇಕು. ಈ ಚಿತ್ರವಾದರೋ ಸೀನಾಯಿ ಬೆಟ್ಟದಿಂದ ಮೋಶೆಯು ಆಜ್ಞೆಗಳ ಶಿಲಾಫಲಕಗಳನ್ನು ಹಿಡಿದು ಇಳಿಯುವುದರಲ್ಲಿ ಮುಗಿಯುವುದು. ಕೊಲ್ಲಬಾರದೆಂಬುದು ಆ ಆಜ್ಞೆಗಳಲ್ಲೊಂದು. ಆ ಶಿಲೆಯನ್ನು ಹೊತ್ತ ಕೈ ಒಮ್ಮೆ ಬೇಕೆಂದೇ ಕೊಂದ ಕೈಯೆಂಬುದರಿಂದಲೇ ಮೂಲದಲ್ಲಿ ಧರ್ಮಕ್ಕೆ ಅಷ್ಟು ಭಾರ. ಕೊಂದವನಿಗೇ ಆ ಆಜ್ಞೆಯು ಬಂದಿತು. ಚಿತ್ರದಲ್ಲಿ ಆ ಕೈ ನಿರಪರಾಧವಾಯಿತು, ಶಿಲೆಯು ಹಗುರವಾಯಿತು.

ಪಶ್ಚಾತ್ತಾಪವು ಚಿತ್ರದಲ್ಲಿಯೂ ಇಲ್ಲವೇ ಎಂದು ಕೇಳಬಹುದು. ಇದೆ. ನಡೆದುದನ್ನು ನಡೆಯದಂತೆ ಮಾಡಿಬಿಡುವೆನೆಂದು ರಾಮ್ಸೇಸನು ಹೇಳಿದರೂ ಮೋಶೆಯು ಒಪ್ಪದೆ ಹೊರಟುಹೋಗುವನು. ಇದು ಉದಾತ್ತವಾದ ಸ್ಥಳವೇ. ಉರಿಯುವ ಪೊದೆಯ ಮುಂದೆಯೂ, ಇಬ್ರಿಯ ಶಿಶುಗಳನ್ನು ಕೊಲ್ಲಿಸಿದವನ ಮನೆಯಲ್ಲಿ ಮಗನಾಗಿ ಬೆಳೆದೆನೆಂದು ತನ್ನ ಅಯೋಗ್ಯತೆಯನ್ನು ಹೇಳಿಕೊಳ್ಳುವನು. ಆದರೆ ಅದು ಸಾಕಿದವನಿಂದ ಬಂದ ಕಳಂಕ, ತಾನೇ ಗಳಿಸಿದ್ದಲ್ಲ. ಪರರ ಪಾಪಕ್ಕೆ ನಾಚುವುದು ಸುಲಭ. ತನ್ನದನ್ನು ಹೊತ್ತು ನಡೆಯುವುದು ಕಷ್ಟ. ಆ ಕಷ್ಟವನ್ನೇ ಚಿತ್ರಕಾರರು ನಾಯಕನಿಂದ ತಪ್ಪಿಸಿರುವರು.

ಮಕ್ಕಳೂ ನೋಡುವ ಚಿತ್ರವಾದುದರಿಂದ ಹೀಗೆ ಮಾಡಿದರೆಂಬ ಸಮಾಧಾನವೂ ನಿಲ್ಲುವುದಿಲ್ಲ. ಶಿಶುಹತ್ಯೆಯನ್ನೂ ಚೊಚ್ಚಲ ಮಕ್ಕಳ ಮರಣವನ್ನೂ ತೋರಿಸಲು ಅಂಜದವರು, ನಾಯಕನ ಅಪರಾಧಕ್ಕೆ ಮಾತ್ರ ಅಂಜಿದರು. ಶತ್ರುವಿನ ಹೃದಯವನ್ನು ಅಷ್ಟು ಧೈರ್ಯದಿಂದ ತೆರೆದು ತೋರಿಸಿದ ಕೃತಿಯು ನಾಯಕನ ಹೃದಯದ ಈ ಒಂದು ಕೋಣೆಯನ್ನು ಮುಚ್ಚಿಟ್ಟಿರುವುದೇ ನಮ್ಮ ವ್ಯಥೆಗೆ ಕಾರಣ. ಉಳಿದಂತೆ ಇದು ಔಚಿತ್ಯವನ್ನು ಬಲ್ಲವರ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಕಥಾಪರಿವರ್ತನವನ್ನು ಬೋಧಿಸುವ ಅಧ್ಯಾಪಕರು ಶಾಕುಂತಲದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಒಂದೇ ಉಪಾಯವು ಒಂದೆಡೆ ಅಲಂಕಾರವೂ ಇನ್ನೊಂದೆಡೆ ನಷ್ಟವೂ ಆಗುವ ಬಗೆಯು ವಿದ್ಯಾರ್ಥಿಗಳಿಗೆ ಸ್ಫುಟವಾಗುವುದು.