ಇದು ಯಾವೂರಿಗೆ ಹೊಂಟೈತಿ?

ಕಳೆದ ಸಲ ಊರಿಗೆ ಹೋದಾಗ ಅಪ್ಪನನ್ನು ಹಾನಗಲ್ಲಿನಿಂದ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಅನ್ನೋ ಎರಡು ಹಳೇ ಕಾಟೇಜುಗಳಲ್ಲಿ ಹಳೇ ಸಾಮಾನು, ಹೊರಗೆ ಇಂಜಿನ್ನು, ಬೋಗಿಗಳು. ಚೆಂದ ಇಟ್ಟಿದ್ದಾರೆ, ಅದರಲ್ಲಿ ತಕರಾರಿಲ್ಲ. ಆದರೆ ಹತ್ತಿ ಕೂರೋಕೆ ಅಂತ ಇರೋದು ಮಕ್ಕಳ ಟಾಯ್ ಟ್ರೇನು. ಅಪ್ಪ ಅದನ್ನು ನೋಡಿ, "ಇದು ಯಾವೂರಿಗೆ ಹೊಂಟೈತಿ?" ಅಂದ.

ತಮಾಷೆ ಅನ್ಕೊಂಡು ನಕ್ಕೆ. ಅವನು ನಗಲಿಲ್ಲ. ಹಾನಗಲ್ಲಿಗೆ ರೈಲಿಲ್ಲ, ಶಿಗ್ಗಾವಿಗಿಲ್ಲ, ಹಿರೇಕೆರೂರಿಗಿಲ್ಲ. ಸವಣೂರಿನವರು ಯಲವಿಗಿಗೆ ಹೋಗಬೇಕು. ಅವನ ಪಾಲಿಗೆ ರೈಲು ಅಂದ್ರೆ ಬಸ್ಸಿನಲ್ಲಿ ಹಾವೇರಿಗೆ ಹೋಗಿ, ಕಾದು ಹತ್ತುತ್ತಿದ್ದ ಮೀಟರ್ ಗೇಜ್ ಗಾಡಿ.

ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿದ್ದಾಗ ವೆಸ್ಟರ್ನ್ ರೈಲ್ವೆ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಪಕ್ಕಪಕ್ಕದ ಊರುಗಳ ನಡುವೆ ಓಡುತ್ತಿದ್ದ ಹಳೇ ಕರೆಂಟು ರೈಲುಗಳನ್ನು, ಇಂಟರ್‌ಅರ್ಬನ್ ಅಂತಾರೆ, ಸ್ಯಾಕ್ರಮೆಂಟೊ ನಾರ್ದರ್ನ್ ಕಂಪನಿಯ ಅಸಲಿ ದಾರಿಯಲ್ಲೇ ಓಡಿಸುತ್ತಾರೆ. ಕಾಲ ಕೆಳಗೆ ಕಂಪ್ರೆಸರ್ ದಡದಡ ಅನ್ನುತ್ತೆ, ಮೋಟಾರು ಗುರುಗುಟ್ಟುತ್ತೆ, ಹಲಗೆ ಕಿರುಗುಟ್ಟುತ್ತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಯಾವ ಕಂದೀಲೂ ಇದನ್ನು ಹೇಳೋಕಾಗಲ್ಲ. ಪೆನಿನ್ಸುಲರ್ ರೈಲ್ವೆಯ ಡಬ್ಬಿಗಳೂ ಅಲ್ಲಿವೆ. ಒಂದು ಕಾಲಕ್ಕೆ ಸ್ಯಾನ್ ಹೋಸೆ, ಪಾಲೊ ಆಲ್ಟೊ ಕಡೆ ಓಡಿದವು. 1930ರ ದಶಕದಲ್ಲಿ ನಿಂತವು. ಅದೇ ಊರುಗಳ ರಸ್ತೆಯಲ್ಲಿ ನಾವು ಎಂಜಿನಿಯರುಗಳು ದಿನಾ ಕಾರಿನಲ್ಲಿ ಸಿಕ್ಕಿಹಾಕಿಕೊಂಡು ಕೂತಿರ್ತಿದ್ವಿ!

ಆದರೂ ಅಲ್ಲಿನ ಸವಾರಿಗೂ ಒಂದು ಕೊರತೆ ಇದೆ. ಯಾರೂ ನಡುವೆ ಇಳಿಯೋದಿಲ್ಲ. ಹಾಲಿನ ಕ್ಯಾನು, ಪಾರ್ಸೆಲ್ಲು ಹೇರಿಕೊಂಡು, ಹೊಲದ ಪಕ್ಕ ನಿಂತು ಹೋಗುತ್ತಿದ್ದ ಜಾತಿಯ ರೈಲು ಇದು. ಈಗ ಎಲ್ಲರೂ ಹತ್ತಿದಲ್ಲೇ ಇಳಿದು ಫೋಟೊ ತೆಗೆಸ್ಕೋತಾರೆ. ಅಪ್ಪನ ಪ್ರಶ್ನೆ ಅಲ್ಲಿಗೂ ಸಲ್ಲುತ್ತೆ.

ನನ್ನನ್ನು ಕಾಡಿದ್ದು ಬೇರೆ. ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕದಲ್ಲಿ ಅಮೆರಿಕದಲ್ಲಿ ಇಂಥ ದಾರಿ 15 ಸಾವಿರ ಮೈಲಿ ದಾಟಿತ್ತು. ಹಾನಗಲ್, ಶಿಗ್ಗಾವಿ, ಸವಣೂರುಗಳ ನಡುವಿನಷ್ಟೇ ಅಂತರಕ್ಕೆ ಹೇಳಿಮಾಡಿಸಿದ ಗಾಡಿಗಳು. ಸವಣೂರಿನ ವೀಳ್ಯದೆಲೆ ಬಾಡೋ ಮೊದಲು ಹುಬ್ಬಳ್ಳಿ ಮುಟ್ಟಿಸೋಕೆ ಇದಕ್ಕಿಂತ ಒಳ್ಳೇದು ಯಾವುದಿತ್ತು? ಅವರು ಕಟ್ಟಿ, ಕಾರು ಬಂದ ಮೇಲೆ ಕಿತ್ತು, ಉಳಿದದ್ದನ್ನು ಮ್ಯೂಸಿಯಂನಲ್ಲಿಟ್ಟರು. ನಾವು ಕಟ್ಟಲೇ ಇಲ್ಲ, ನೇರ ಬಸ್ಸಿಗೆ ಬಂದ್ವಿ. ನಮ್ಮ ಮ್ಯೂಸಿಯಂಗಳಲ್ಲಿ ಬಂದ ರೈಲಿನ ಕತೆ ಇದೆ; ಬಾರದ ರೈಲಿಗೂ ಒಂದು ಗೋಡೆ ಬಿಟ್ಟಿದ್ರೆ ಅಪ್ಪ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದ.

ಹಳೇ ಬೋಗಿ ಓಡಿಸಿ ಅನ್ನೋದು ಸುಲಭ. ಮೀಟರ್ ಗೇಜ್ ಹಳಿಯೇ ಇಲ್ಲ, ಓಡಿಸೋದೆಲ್ಲಿ? ಒಂದು ಫರ್ಲಾಂಗ್ ಹಳಿ ಹಾಕಿ, ಒಂದು ಡಬ್ಬಿಯನ್ನು ಮೆಲ್ಲಗೆ ಎಳೆದರೂ ಸಾಕಿತ್ತು, ದೊಡ್ಡವರು ಕೂರೋ ಹಾಗೆ.

ವಾಪಸ್ ಹಾನಗಲ್ ಬಸ್ಸು. ಬಂಕಾಪುರ ದಾಟಿದ ಮೇಲೆ ಅಪ್ಪ ಜೇಬಿನಿಂದ ಮ್ಯೂಸಿಯಂ ಟಿಕೆಟ್ ತೆಗೆದು ತಿರುಗಿಸಿ ನೋಡಿದ. "ಊರ ಹೆಸರ ಬರದಿಲ್ಲಲೋ ಇದರಾಗ," ಅಂದ.