ಬೆಕ್ಕಿನ ಬಾಯಲ್ಲಿ ಯಾರ ತಪ್ಪು? ಮೀಮ್‌ಗಳ ದೀರ್ಘಾಯುಷ್ಯ ಮತ್ತು ಹುಸಿತಪ್ಪಿನ ವ್ಯಾಕರಣ

ಅಂತರ್ಜಾಲದಲ್ಲಿ ಹುಟ್ಟುವ ನಗೆಯ ಆಯುಷ್ಯ ಸಾಮಾನ್ಯವಾಗಿ ಅಲ್ಪ. ಆದರೆ ಬೆಕ್ಕಿನ ಚಿತ್ರಕ್ಕೆ ಅಡಿಬರಹ ಸೇರಿಸಿ ನಗುವ ಪದ್ಧತಿ ಮಾತ್ರ ಸುಮಾರು ಎರಡು ದಶಕಗಳಿಂದ ಬಾಳಿಕೊಂಡು ಬಂದಿದೆ. ಬೂದುಬಣ್ಣದ ಬೆಕ್ಕೊಂದು ಕಣ್ಣರಳಿಸಿ ತಿಂಡಿ ಕೇಳುವ ಚಿತ್ರದ ಅಡಿಬರಹವೇ, 2007ರ ಜನವರಿಯಲ್ಲಿ ಎರಿಕ್ ನಾಕಗಾವಾ ಮತ್ತು ಕಾರಿ ಉನೆಬಸಾಮಿ ಅವರು ಆರಂಭಿಸಿದ ಜಾಲತಾಣದ ಹೆಸರೂ ಆಯಿತು:

(1) ಐ ಕ್ಯಾನ್ ಹ್ಯಾಸ್ ಚೀಸ್‌ಬರ್ಗರ್?

‘ಲಾಲ್‌ಕ್ಯಾಟ್’ ಎಂದು ಹೆಸರಾದ ಈ ಪ್ರಕಾರದ ಭಾಷೆಯು ‘ಲಾಲ್‌ಸ್ಪೀಕ್’ ಎಂಬ ಹೆಸರಿನಲ್ಲಿ ಭಾಷಾವಿಜ್ಞಾನಿಗಳ ಗಮನ ಸೆಳೆದಿದೆ. ಅದರ ದೀರ್ಘಾಯುಷ್ಯಕ್ಕೆ ಎರಡು ವಿವರಣೆಗಳು ಬಳಕೆಯಲ್ಲಿವೆ: ಅದು ಸುಲಭವಾಗಿ ನಕಲಾಗುತ್ತದೆ ಎಂಬುದು ಒಂದು, ಅದು ಮಕ್ಕಳ ತೊದಲುನುಡಿಯ ಅನುಕರಣೆಯಾದ್ದರಿಂದ ಮುದ್ದೆನಿಸುತ್ತದೆ ಎಂಬುದು ಇನ್ನೊಂದು. ಇವೆರಡೂ ಸಾಲವು ಎಂಬುದು ನಮ್ಮ ನಿಲುವು.

ಮೊದಲ ವಿವರಣೆಯ ಮೂಲ ರಿಚರ್ಡ್ ಡಾಕಿನ್ಸ್ ಅವರ ‘ದಿ ಸೆಲ್ಫಿಶ್ ಜೀನ್’ (1976) ಕೃತಿಯಲ್ಲಿದೆ. ‘ಮೀಮ್’ ಎಂಬ ಪದವನ್ನು ಟಂಕಿಸಿದ ಅವರು ಅದರ ಉಳಿವಿಗೆ ಮೂರು ಗುಣಗಳನ್ನು ಹೇಳಿದರು: ದೀರ್ಘ ಬಾಳಿಕೆ, ಹೇರಳ ಸಂತಾನ, ನಕಲಿನ ನಿಷ್ಠೆ. ಲಾಲ್‌ಕ್ಯಾಟ್ ಈ ಮೂರನೆಯ ಗುಣವನ್ನೇ ಅಲ್ಲಗಳೆಯುತ್ತದೆ. ಚಿತ್ರ ಬದಲಾಗುತ್ತದೆ, ವಾಕ್ಯ ಬದಲಾಗುತ್ತದೆ. ಉಳಿಯುವುದು ತೆರಪುಗಳಿರುವ ಒಂದು ಚೌಕಟ್ಟು ಮಾತ್ರ. ಜೆಫ್ರಿ ಪುಲ್ಲಮ್ ಎತ್ತಿದ ಪ್ರಶ್ನೆಗೆ ಉತ್ತರವಾಗಿ 2004ರಲ್ಲಿ ಗ್ಲೆನ್ ವಿಟ್‌ಮನ್ ಸೂಚಿಸಿದ ‘ಸ್ನೋಕ್ಲೋನ್’ ಎಂಬ ಹೆಸರು ಇಂತಹ ಅಚ್ಚುಗಳಿಗೇ ಸಲ್ಲುತ್ತದೆ. ಲಿಮೋರ್ ಶಿಫ್‌ಮನ್ ಅವರು ಮೀಮನ್ನು ಒಂಟಿ ಘಟಕವೆಂದು ಕಾಣದೆ, ವಸ್ತು, ರೂಪ, ನಿಲುವು ಇವುಗಳಲ್ಲಿ ಸಾಮ್ಯವಿರುವ ಮತ್ತು ಪರಸ್ಪರದ ಅರಿವಿನಿಂದ ರಚನೆಯಾದ ಅಂಶಗಳ ಸಮೂಹವೆಂದು ಕಂಡದ್ದು ಈ ಕಾರಣದಿಂದ ಮುಖ್ಯವಾದ ತಿದ್ದುಪಡಿ. ಇವುಗಳಲ್ಲಿ ವಸ್ತು ಮತ್ತು ರೂಪಗಳಿಗೆ ದೊರೆತಷ್ಟು ಗಮನ ನಿಲುವಿಗೆ, ಅಂದರೆ ‘ಮಾತನಾಡುತ್ತಿರುವವರು ಯಾರು’ ಎಂಬ ಪ್ರಶ್ನೆಗೆ, ದೊರೆಯಬೇಕಾಗಿದೆ.

ಎರಡನೆಯ ವಿವರಣೆ ವ್ಯಾಕರಣದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಇಂಗ್ಲಿಷನ್ನು ಮೊದಲ ಭಾಷೆಯಾಗಿ ಕಲಿಯುವ ಮಗು ಪ್ರಥಮ ಪುರುಷ ಏಕವಚನದ ಪ್ರತ್ಯಯವನ್ನು ಆರಂಭದಲ್ಲಿ ಬಿಟ್ಟುಬಿಡುವುದೇ ಸಾಮಾನ್ಯ. ಬೆಕ್ಕು ಮಾಡುವುದು ಇದಕ್ಕೆ ವಿರುದ್ಧ. (1)ರಲ್ಲಿ ಕರ್ತೃ ಉತ್ತಮ ಪುರುಷ. ಸಹಾಯಕ ಕ್ರಿಯಾಪದದ ಮುಂದೆ ಪ್ರತ್ಯಯರಹಿತ ರೂಪವೇ ಬರಬೇಕು. ಎರಡು ಕಾರಣಗಳಿಂದಲೂ ಬರಬಾರದ ‘ಹ್ಯಾಸ್’ ಅಲ್ಲಿ ಬಂದಿದೆ. ಇದು ತೊದಲಲ್ಲ, ನಿಯಮವನ್ನು ಬಲ್ಲವರು ಬೇಕೆಂದೇ ಕಟ್ಟಿದ ಹುಸಿತಪ್ಪು. 2013ರಲ್ಲಿ ಹಬ್ಬಿದ ‘ಡೋಜ್’ ಮೀಮ್‌ನಲ್ಲಿ ಇದೇ ಜಾಣ್ಮೆ ಶಿಬಾ ಇನು ತಳಿಯ ನಾಯಿಯೊಂದಕ್ಕೆ ವರ್ಗಾವಣೆಯಾಯಿತು. ಗ್ರೆಚೆನ್ ಮೆಕಲಕ್ ತೋರಿಸಿಕೊಟ್ಟಂತೆ, ಅಲ್ಲಿ ‘ಮಚ್’, ‘ವೆರಿ’ ಮೊದಲಾದ ಪದಗಳು ತಮಗೆ ಸಲ್ಲದ ಪದಗಳೊಡನೆಯೇ ಕೂಡಬೇಕು. ಸಲ್ಲುವ ಪದದೊಡನೆ ಕೂಡಿದರೆ ಆ ನುಡಿಯ ಮಟ್ಟಿಗೆ ಅದೇ ತಪ್ಪು.

ಲಾಲ್‌ಸ್ಪೀಕ್‌ನ ಕಾಗುಣಿತ ಇನ್ನೂ ಸ್ಪಷ್ಟವಾದ ಸಾಕ್ಷ್ಯ. ಅಡಿಬರಹಗಳಲ್ಲಿ ‘ಚೀಸ್’ ಪದದ ‘ಎಸ್’ ಅಕ್ಷರದ ಸ್ಥಾನದಲ್ಲಿ ‘ಝಡ್’ ಬರುತ್ತದೆ. ಉಚ್ಚಾರಣೆ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ. ಇಂತಹ ಬರಹಕ್ಕೆ ಜಾರ್ಜ್ ಫಿಲಿಪ್ ಕ್ರ್ಯಾಪ್ 1925ರಲ್ಲೇ ‘ಕಣ್ಣಿನ ಉಪಭಾಷೆ’ ಎಂಬ ಅರ್ಥದ ಹೆಸರಿಟ್ಟಿದ್ದರು. ಕಿವಿಗೆ ಎಲ್ಲರಂತೆಯೇ ಕೇಳುವ ಮಾತನ್ನು ಕಣ್ಣಿಗೆ ಮಾತ್ರ ತಪ್ಪಾಗಿ ಕಾಣಿಸಿ, ಆಡುವವನು ಓದುಬರಹ ಕಲಿಯದವನೆಂದು ಓದುಗನಿಗೆ ಸನ್ನೆ ಮಾಡುವ ಉಪಾಯವಿದು. ಇಂಗ್ಲಿಷ್ ಕಥನ ಸಾಹಿತ್ಯದಲ್ಲಿ ಇದು ದುಡಿಯುವ ವರ್ಗದವರ, ಹಳ್ಳಿಗರ, ಕಪ್ಪು ಜನರ ಮಾತಿಗೆ ಬಹುಕಾಲ ಅಂಟಿಕೊಂಡಿತ್ತು.

ಬೆಕ್ಕಿಗೆ ಮುಂಚೆ ಇದೇ ಜಾಲಲೋಕದಲ್ಲಿ ನಗೆಗೀಡಾದ ಇನ್ನೊಂದು ವಾಕ್ಯವನ್ನು ಇಲ್ಲಿ ನೆನೆಯಬೇಕು. ‘ಝೀರೋ ವಿಂಗ್’ ಎಂಬ ಜಪಾನಿ ವಿಡಿಯೊ ಆಟದ ಇಂಗ್ಲಿಷ್ ಅನುವಾದದಲ್ಲಿದ್ದ ‘ಆಲ್ ಯುವರ್ ಬೇಸ್ ಆರ್ ಬಿಲಾಂಗ್ ಟು ಅಸ್’ ಎಂಬ ವಾಕ್ಯ ಈ ಶತಮಾನದ ಆರಂಭದಲ್ಲಿ ಜಾಲದ ತುಂಬ ಹಬ್ಬಿತು. ಅದು ಹುಸಿತಪ್ಪಲ್ಲ, ನಿಜವಾದ ತಪ್ಪು. ಇಂಗ್ಲಿಷ್ ತನ್ನದಲ್ಲದ ಯಾರೋ ಬರೆದದ್ದು. ಅದರಿಂದಲೇ ಲಾಲ್‌ಸ್ಪೀಕ್ ಹುಟ್ಟಿತೆಂದು ನಾವು ವಾದಿಸುತ್ತಿಲ್ಲ. ಸಹಾಯಕ ಕ್ರಿಯಾಪದವನ್ನು ಅಸ್ಥಾನದಲ್ಲಿಟ್ಟು ನಗಿಸುವ ರೀತಿ ಎರಡರಲ್ಲೂ ಒಂದೇ ಎಂಬುದನ್ನಷ್ಟೇ ಗುರುತಿಸುತ್ತಿದ್ದೇವೆ. ಮೊದಲನೆಯದರಲ್ಲಿ ನಗೆಗೀಡಾದವನು ಮನುಷ್ಯ. ಎರಡನೆಯದರಲ್ಲಿ ಆ ಸ್ಥಾನಕ್ಕೆ ಬೆಕ್ಕು ಬಂದು ಕುಳಿತಿದೆ.

ಬೆಕ್ಕಿಗೆ ಈ ಸ್ಥಾನ ಹೊಸದಲ್ಲ. ಬ್ರೈಟನ್ನಿನ ಛಾಯಾಗ್ರಾಹಕ ಹ್ಯಾರಿ ಪಾಯಿಂಟರ್ 1870ರ ದಶಕದಲ್ಲೇ ಬೆಕ್ಕುಗಳನ್ನು ಬಗೆಬಗೆಯ ಭಂಗಿಯಲ್ಲಿ ಕೂರಿಸಿ, ಚಿತ್ರಕ್ಕೆ ಬರಹ ಸೇರಿಸಿ ಮಾರುತ್ತಿದ್ದರು. ಮುಖದಲ್ಲಿ ಭಾವವನ್ನು ಓದಿಕೊಳ್ಳಬಹುದು, ಬಾಯಲ್ಲಿ ಮಾತಿಲ್ಲ. ಹೀಗಾಗಿ ಯಾವ ಮಾತನ್ನೂ ಅದರ ಬಾಯಿಗೆ ತುರುಕಬಹುದು. 2012ರಲ್ಲಿ ಪ್ರಸಿದ್ಧವಾದ ‘ಗ್ರಂಪಿ ಕ್ಯಾಟ್’ ಬಹುಮಟ್ಟಿಗೆ ಶಿಷ್ಟ ಇಂಗ್ಲಿಷಿನಲ್ಲೇ ಸಿಡುಕಿತೆಂಬುದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ತಪ್ಪು ನುಡಿ ಬೆಕ್ಕಿನ ಸ್ವಭಾವವಲ್ಲ. ಖಾಲಿ ಇರುವ ವಕ್ತೃಸ್ಥಾನವೇ ಅದರ ಬಾಳಿಕೆಯ ಗುಟ್ಟು. ಅದಕ್ಕೆ ಊರಿಲ್ಲ, ಜಾತಿಯಿಲ್ಲ, ಅದರ ಪರವಾಗಿ ನೊಂದುಕೊಳ್ಳುವ ಭಾಷಿಕ ಸಮುದಾಯವಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಲಾಲ್‌ಸ್ಪೀಕ್ ಕುರಿತ ಮೊದಲ ಗಂಭೀರ ಅಧ್ಯಯನಗಳಲ್ಲೊಂದನ್ನು ನಡೆಸಿದ ಲಾರೆನ್ ಗಾನ್ ಮತ್ತು ಜಿಲ್ ವಾನ್ ಅವರು ಅದನ್ನು ಭಾಷಾಕ್ರೀಡೆಯೆಂದೂ ಗುಂಪಿನ ಅಸ್ಮಿತೆಯನ್ನು ಕಟ್ಟುವ ಸಾಧನವೆಂದೂ ವಿವರಿಸಿದ್ದಾರೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ಈ ಆಟಕ್ಕೆ ಪ್ರವೇಶಶುಲ್ಕವೊಂದಿದೆ: ಸರಿಯಾದ ರೂಪ ತನಗೆ ಗೊತ್ತಿದೆಯೆಂಬುದರಲ್ಲಿ ಯಾರಿಗೂ ಸಂಶಯವಿರಬಾರದು. ಅದೇ ವಾಕ್ಯವನ್ನು ಹೊಸದಾಗಿ ವಲಸೆ ಬಂದವನೊಬ್ಬ ಅಂಗಡಿಯಲ್ಲಿ ಆಡಿದರೆ ಅದು ಕ್ರೀಡೆಯೆನಿಸುವುದಿಲ್ಲ.

(1)ನ್ನು ಕನ್ನಡಕ್ಕೆ ತರಲು ಯತ್ನಿಸಿದರೆ ಈ ಅಂಶ ನಿಚ್ಚಳವಾಗುತ್ತದೆ. ‘-ಬಹುದು’ ರೂಪ ಎಲ್ಲ ಪುರುಷ, ಲಿಂಗ, ವಚನಗಳಿಗೂ ಒಂದೇ. ಅಲ್ಲಿ ಆಖ್ಯಾತಪ್ರತ್ಯಯವನ್ನು ತಪ್ಪಿಸಲು ಆಸ್ಪದವೇ ಇಲ್ಲ. ಕಣ್ಣಿನ ಉಪಭಾಷೆಗೂ ನಮ್ಮ ಲಿಪಿಯಲ್ಲಿ ಎಡೆ ಕಡಿಮೆ. ‘ಭಾಷೆ’ಯನ್ನು ‘ಬಾಶೆ’ ಎಂದು ಬರೆದರೆ ಇಂದು ಓದುಗರಿಗೆ ನೆನಪಾಗುವುದು ಬೆಕ್ಕಲ್ಲ, ಡಿ. ಎನ್. ಶಂಕರ ಭಟ್ಟರ ಹೊಸಬರಹ. ತಪ್ಪನ್ನು ಕಟ್ಟಲೇಬೇಕೆಂದರೆ ಕ್ರಿಯಾಪದದ ಬೇರೆ ರೂಪಕ್ಕೆ ಹೋಗಬೇಕು:

(2) ನಾನು ಬಂತು.

ಕನ್ನಡದಲ್ಲಿ ಬೆಕ್ಕು ನಪುಂಸಕಲಿಂಗ. ‘ಬೆಕ್ಕು ಬಂತು’ ಎಂಬುದು ಶುದ್ಧ ಪ್ರಯೋಗ. ತನ್ನ ಕುರಿತು ಇತರರು ಆಡುವ ರೂಪವನ್ನೇ ಬೆಕ್ಕು ತನಗೂ ಹಚ್ಚಿಕೊಂಡಿತೆಂದು (2)ನ್ನು ಸಮರ್ಥಿಸಬಹುದು. ಆ ದೃಷ್ಟಿಯಿಂದ ಇದು ಇಂಗ್ಲಿಷ್ ಮೂಲಕ್ಕಿಂತಲೂ ಸೊಗಸಾದ ಹುಸಿತಪ್ಪು. ಆದರೆ ‘ನಾನು ಬಂತು’ ಎಂದೊಡನೆ ಕನ್ನಡಿಗನ ಕಿವಿಯಲ್ಲಿ ಮೊದಲು ಮೂಡುವ ದನಿ ಬೆಕ್ಕಿನದಲ್ಲ. ಬೇರೆ ನಾಡಿನಿಂದ ಬೆಂಗಳೂರಿಗೆ ದುಡಿಯಲು ಬಂದು, ಕನ್ನಡ ಕಲಿಯಲು ಹೆಣಗುತ್ತಿರುವವನದು. ಎಲ್ಲ ಕರ್ತೃಗಳಿಗೂ ನಪುಂಸಕ ರೂಪವನ್ನೇ ಬಳಸುವ ಅವನ ಮಾತು ನಮ್ಮ ಹಾಸ್ಯಕ್ಕೆ ಸಿದ್ಧ ಸರಕು. ಇಂಗ್ಲಿಷಿನ ವಾಕ್ಯದಲ್ಲಿ ನಮಗೆ ಕೇವಲ ಮುದ್ದಾಗಿ ಕಂಡದ್ದು ನಮ್ಮದೇ ನುಡಿಗೆ ಬಂದಾಗ ಮುಜುಗರ ಹುಟ್ಟಿಸುವುದು ಈ ಕಾರಣಕ್ಕೆ.

ಬೆಕ್ಕನ್ನು ಕಂಡು ನಗಬಾರದೆಂದು ಇದರ ಅರ್ಥವಲ್ಲ, ನಾವೂ ನಗುತ್ತೇವೆ. ಕನ್ನಡದ ಮೀಮ್‌ಗಳನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವ ಸಂಶೋಧಕರಲ್ಲಿ ನಮ್ಮ ಕೋರಿಕೆ ಇಷ್ಟೇ: ರೂಪವೈಚಿತ್ರ್ಯಗಳ ಪಟ್ಟಿ ಮಾಡುವುದರ ಜೊತೆಗೆ, ಪ್ರತಿಯೊಂದು ತಪ್ಪಿನ ಎದುರಿಗೂ ಅದನ್ನು ದಿನನಿತ್ಯ ಆಡುವವರು ಯಾರು ಎಂಬುದನ್ನು ದಾಖಲಿಸಬೇಕು. ಆ ಅಂಕಣ ಖಾಲಿ ಉಳಿದರೆ ಅದು ನಿಜವಾಗಿಯೂ ಕ್ರೀಡೆ. ಅಲ್ಲಿ ಹೆಸರೊಂದು ಬಿದ್ದರೆ, ಆ ನಗೆಯ ವಿಶ್ಲೇಷಣೆಯಲ್ಲಿ ಅವರ ಮಾತಿಗೂ ಸ್ಥಾನವಿರಬೇಕು.