ಜೋಗುಳದ ನೆನಪು, ಸೋದರನ ಕೂಗು: ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಚಿತ್ರವನ್ನು ಕುರಿತು

ಧರ್ಮಗ್ರಂಥದ ಕಥೆಯನ್ನು ತೆರೆಗೆ ತರುವವರಿಗೆ ಎರಡು ಅಂಜಿಕೆಗಳು ತಪ್ಪಿದ್ದಲ್ಲ. ಮೂಲವನ್ನು ದಾಟಿದರೆ ಶ್ರದ್ಧಾವಂತರು ನೊಂದಾರು. ಮೂಲಕ್ಕೇ ಕಟ್ಟುಬಿದ್ದರೆ ಕೃತಿ ನಿರ್ಜೀವವಾದೀತು. ಬೈಬಲಿನ ವಿಮೋಚನಕಾಂಡವನ್ನು ಆಧರಿಸಿ ಡ್ರೀಮ್‌ವರ್ಕ್ಸ್ ಸಂಸ್ಥೆ 1998ರಲ್ಲಿ ಹೊರತಂದ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಎಂಬ ಸಂಗೀತಪ್ರಧಾನ ಅನಿಮೇಷನ್ ಚಿತ್ರ ಈ ಎರಡನ್ನೂ ಎದುರಿಸಿ ನಿಂತಿದೆ. ಬ್ರೆಂಡಾ ಚಾಪ್‌ಮನ್, ಸ್ಟೀವ್ ಹಿಕ್ನರ್ ಮತ್ತು ಸೈಮನ್ ವೆಲ್ಸ್ ಇದರ ನಿರ್ದೇಶಕರು. ಹಾಡುಗಳು ಸ್ಟೀಫನ್ ಶ್ವಾರ್ಟ್ಜ್ ಅವರವು, ಹಿನ್ನೆಲೆ ಸಂಗೀತ ಹಾನ್ಸ್ ಝಿಮ್ಮರ್ ಅವರದು. ಕಥನದಲ್ಲಿ ಕಲಾಸ್ವಾತಂತ್ರ್ಯ ವಹಿಸಿದ್ದೇವೆಂದು ಚಿತ್ರವು ಮೊದಲಿಗೇ ಒಪ್ಪಿಕೊಳ್ಳುತ್ತದೆ. ಆ ಸ್ವಾತಂತ್ರ್ಯದಿಂದ ಅದು ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬುದೇ ಇಲ್ಲಿ ನಮ್ಮ ವಿಚಾರ.

ಇಬ್ರಿಯ ದಾಸರ ಗಂಡುಶಿಶುಗಳನ್ನು ಕೊಲ್ಲಬೇಕೆಂದು ಫರೋಹನು ಆಜ್ಞಾಪಿಸಿದಾಗ ತಾಯಿಯೊಬ್ಬಳು ತನ್ನ ಮಗುವನ್ನು ಬುಟ್ಟಿಯಲ್ಲಿಟ್ಟು ನದಿಗೆ ಒಪ್ಪಿಸುತ್ತಾಳೆ. ಮೂಲದಲ್ಲಿ ಆ ಮಗು ಸಿಗುವುದು ಫರೋಹನ ಮಗಳಿಗೆ. ಅಕ್ಕನ ಜಾಣತನದಿಂದ ಹೆತ್ತ ತಾಯಿಯೇ ದಾದಿಯಾಗಿ, ಕೂಲಿ ಪಡೆದು, ಮಗುವಿಗೆ ಹಾಲೂಡಿಸುತ್ತಾಳೆ. ಚಿತ್ರದಲ್ಲಿ ಮಗುವನ್ನು ಎತ್ತಿಕೊಳ್ಳುವವಳು ರಾಣಿ. ತಾಯಿ ಮತ್ತೆಂದೂ ಮಗನ ಬಳಿ ಬರುವುದಿಲ್ಲ. ಈ ಮಾರ್ಪಾಡಿನಿಂದ ಮೋಶೆಗೆ ತಾಯಿಯಿಂದ ಉಳಿಯುವುದು ಒಂದೇ: ನದಿಯ ದಡದಲ್ಲಿ ಅವಳು ಹಾಡಿದ ಜೋಗುಳ.

ಇಡೀ ಚಿತ್ರವು ಈ ಜೋಗುಳದ ಮೇಲೆ ನಿಂತಿದೆಯೆಂದು ನಾವು ಭಾವಿಸುತ್ತೇವೆ. ಯೌವನದಲ್ಲಿ ಮೋಶೆಗೆ ಅಕ್ಕ ಮಿರ್ಯಾಮಳು ನಿಜವನ್ನು ತಿಳಿಸಿದಾಗ ಅವನು ಸಿಟ್ಟಿಗೇಳುತ್ತಾನೆ, ನಂಬುವುದಿಲ್ಲ. ವಾದಕ್ಕೆ ಬಗ್ಗದ ಅವನನ್ನು ಅವಳು ಹಾಡುವ ಆ ಹಳೆಯ ರಾಗ ತಡೆದು ನಿಲ್ಲಿಸುತ್ತದೆ. ಅರಮನೆಗೆ ಓಡಿಬಂದ ಅವನು ತನಗೆ ಇದೇ ಸಾಕೆಂದು ಹಾಡಿಕೊಂಡರೂ, ರಾತ್ರಿಯ ಕನಸಿನಲ್ಲಿ ಭಿತ್ತಿಚಿತ್ರಗಳೇ ಎದ್ದು ಚಲಿಸಿ ಶಿಶುಹತ್ಯೆಯ ಕಥೆಯನ್ನು ಹೇಳುತ್ತವೆ. ತಾಯಿಯ ಪಾತ್ರಕ್ಕೆ ಕಂಠವಿತ್ತ ಯೆಮೆನ್ ಮೂಲದ ಇಸ್ರೇಲಿ ಗಾಯಕಿ ಓಫ್ರಾ ಹಾಜಾ, 15ಕ್ಕೂ ಹೆಚ್ಚು ಭಾಷೆಗಳ ಅವತರಣಿಕೆಗಳಿಗಾಗಿ ಈ ಹಾಡನ್ನು ತಾವೇ ಹಾಡಿದರು.

ಹೊರಗಿನ ವ್ಯವಹಾರಕ್ಕೆ ಒಂದು ನುಡಿ, ತೊಟ್ಟಿಲಿಗೆ ಇನ್ನೊಂದು ನುಡಿ ಎಂದು ಬದುಕಿದ ಗಡಿನಾಡಿನ ನಮ್ಮಂಥವರಿಗೆ ಈ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ನದಿಗೆ ಒಪ್ಪಿಸಿದ ಮಗುವೆಂದೊಡನೆ ಕರ್ಣನೂ ನೆನಪಿಗೆ ಬಾರದಿರನು. ಅವನು ಅರಸುಮಗನಾಗಿ ಹುಟ್ಟಿ ಸೂತನ ಮನೆಯಲ್ಲಿ ಬೆಳೆದವನು. ಮೋಶೆ ದಾಸಿಯ ಮಗನಾಗಿ ಹುಟ್ಟಿ ಅರಮನೆಯಲ್ಲಿ ಬೆಳೆದವನು. ಕರ್ಣನು ನಿಜ ತಿಳಿದ ಮೇಲೂ ಅನ್ನವಿತ್ತವನ ಪಕ್ಷವನ್ನು ಬಿಡಲಿಲ್ಲ. ಮೋಶೆ ಬಿಟ್ಟು ಹೊರಟನು. ಆದರೆ ಎದುರು ಪಕ್ಷದಲ್ಲಿ ಸೋದರನಿದ್ದಾನೆಂಬ ಸಂಕಟ ಇಬ್ಬರಿಗೂ ಒಂದೇ.

ಚಿತ್ರದ ದೊಡ್ಡ ಗಳಿಕೆ ಇರುವುದು ಈ ಸಂಕಟದಲ್ಲಿಯೇ. ಮೂಲದಲ್ಲಿ ಫರೋಹನಿಗೆ ಹೆಸರೂ ಇಲ್ಲ. ಚಿತ್ರವು ಅವನನ್ನು ರಾಮೆಸೆಸ್ ಎಂದು ಕರೆದು, ಮೋಶೆಯೊಡನೆ ಆಡಿ ಬೆಳೆದ ಅಣ್ಣನನ್ನಾಗಿಸುತ್ತದೆ. ಆದ್ದರಿಂದ ಈಜಿಪ್ಟಿನ ಮೇಲೆ ಬೀಳುವ ಉತ್ಪಾತಗಳು ದೈವಶಕ್ತಿಯ ಪ್ರದರ್ಶನವಾಗಿ ಮುಗಿಯದೆ, ಅಣ್ಣತಮ್ಮಂದಿರು ಎದುರುಬದುರಾಗಿ ಹಾಡುವ ಯುಗಳಗೀತೆಯಾಗುತ್ತವೆ. ಚೊಚ್ಚಲ ಮಗನನ್ನು ಕಳೆದುಕೊಂಡ ರಾಮೆಸೆಸ್ ದಾಸರನ್ನು ಬಿಟ್ಟುಕೊಟ್ಟಾಗ ಮೋಶೆ ಹಿಗ್ಗುವುದಿಲ್ಲ, ಹೊರಬಂದು ಅಳುತ್ತಾನೆ. ಕಡಲು ದಾಟಿದ ಮೇಲೂ ಆಚೆ ದಡದ ಬಂಡೆಯ ಮೇಲೆ ಒಂಟಿಯಾದ ಅಣ್ಣನು ಅವನ ಹೆಸರು ಹಿಡಿದು ಕೂಗುತ್ತಾನೆ.

ಇನ್ನು ನಷ್ಟದ ಮಾತು. ಮೂಲದ ಮೋಶೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ದಾಸನನ್ನು ಹೊಡೆಯುತ್ತಿದ್ದವನನ್ನು ಕೊಂದು ಮರಳಿನಲ್ಲಿ ಹೂಳುತ್ತಾನೆ. ಚಿತ್ರದಲ್ಲಿ ಆವೇಶದ ಒಂದು ನೂಕಿಗೆ ಆ ಅಧಿಕಾರಿ ಅಟ್ಟಣೆಯಿಂದ ಬಿದ್ದು ಸಾಯುತ್ತಾನೆ. ನಾಯಕನ ಕೈಯನ್ನು ಶುದ್ಧವಾಗಿಡುವ ಈ ಎಚ್ಚರ ಅವನ ಪಶ್ಚಾತ್ತಾಪವನ್ನು ಹಗುರಗೊಳಿಸಿದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಮೂಲದ ಮೋಶೆ ತನ್ನ ನಾಲಿಗೆ ಮಂದವೆಂದು ದೇವರೊಡನೆ ಮೊರೆಯಿಡುತ್ತಾನೆ. ಅವನ ಪರವಾಗಿ ಮಾತಾಡುವವನು ಅಣ್ಣ ಆರೋನ. ಚಿತ್ರದ ಮೋಶೆ ಮಾತಿನಲ್ಲಿ ಎಲ್ಲಿಯೂ ಎಡವುವುದಿಲ್ಲ. ಆರೋನನು ಬಹುಮಟ್ಟಿಗೆ ಹಿಂಜರಿಯುವವನಾಗಿ ಮೂಲೆಗೆ ಸರಿದಿದ್ದಾನೆ. ಅರಮನೆಯವನಾಗಿ ಬೆಳೆದು ತನ್ನ ಜನರ ಮುಂದೆ ಬಾಯಿ ತೆರೆಯಲು ಅಂಜುವವನ ಕಥೆಯಲ್ಲಿ ಆ ತೊದಲಿಗೂ ಸ್ಥಾನವಿದ್ದಿದ್ದರೆ ಜೋಗುಳದ ಬೆಲೆ ಮತ್ತೂ ಹೆಚ್ಚುತ್ತಿತ್ತು.

ಆದರೂ ಮಕ್ಕಳೊಡನೆ ಕುಳಿತು ನೋಡಬೇಕಾದ ಚಿತ್ರವಿದು. ಚೊಚ್ಚಲ ಮಕ್ಕಳು ಸಾಯುವ ರಾತ್ರಿಯ ದೃಶ್ಯಕ್ಕೆ ಎಳೆಯರು ಹೆದರಿಯಾರು. ಆಗ ಹಿರಿಯರು ಪಕ್ಕದಲ್ಲಿರುವುದು ಲೇಸು. ಅಕಾಡೆಮಿ ಪ್ರಶಸ್ತಿ ಪಡೆದ ‘ವೆನ್ ಯು ಬಿಲೀವ್’ ಗೀತೆಗೆ ಬಂದಾಗ ತುಸು ಕಿವಿಗೊಡಬೇಕೆಂದು ಓದುಗರಲ್ಲಿ ನಮ್ಮ ವಿನಂತಿ. ಬಿಡುಗಡೆ ಹೊಂದಿದ ಜನ ಹೊರಟು ನಡೆಯುತ್ತಿರುವಾಗ, ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಸಾಗಿದ ಹಾಡು ಮಕ್ಕಳ ದನಿಯಲ್ಲಿ ಹೀಬ್ರೂ ಭಾಷೆಗೆ ತಿರುಗುತ್ತದೆ. ಹಾಡಿನೊಳಗೆ ಅದಕ್ಕೆ ಅನುವಾದವಿಲ್ಲ. ಇದ್ದಿದ್ದರೆ ಆ ನಡಿಗೆಯ ಸಂಭ್ರಮ ಕುಂದುತ್ತಿತ್ತೇನೋ.